ಕೊಪ್ಪ ಕೇಳಿದವಳು

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೇವಕಿಯ ಹೊಲಿಗೆ ಅಂಗಡಿ. ರವಿಕೆ, ಲಂಗ, ಸೀರೆಯ ಫಾಲ್ಸು ಎಲ್ಲ ಹೊಲಿಯುತ್ತಿದ್ದಳಾದರೂ ಅವಳಿಗೆ ಹೆಸರು ತಂದದ್ದು ಮಾತ್ರ ಕೊಡೆ. ಮೇ ತಿಂಗಳ ಕೊನೆಗೆ ಊರಿನ ತಾಯಂದಿರೆಲ್ಲ ಮಕ್ಕಳ ಹೊಸ ಕೊಡೆ ಹಿಡಿದು ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಕಪ್ಪು ಬಟ್ಟೆಯ ಅಂಚಿಗೆ ಬಿಳಿ ನೂಲಿನಲ್ಲಿ ಮಗುವಿನ ಹೆಸರು, ಕ್ಲಾಸು, ಊರು. ಮುನ್ನೂರು ಕಪ್ಪು ಕೊಡೆಗಳು ಒಂದೇ ಶಾಲೆಯ ಜಗಲಿಯಲ್ಲಿ ಒಣಗುವ ಸೀಮೆಯಲ್ಲಿ ಹೆಸರಿಲ್ಲದ ಕೊಡೆ ಸಿಕ್ಕಿದವರ ಪಾಲು. "ನಾನು ಹೆಸರು ಹೊಲಿದ ಕೊಡೆ ಒಂದೂ ಕಳೆದದ್ದಿಲ್ಲ" ಎಂದು ದೇವಕಿ ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳು. ಎಷ್ಟೋ ಕಳೆದಿವೆ. ಕಳೆದುಕೊಂಡವರು ಅಂಗಡಿಗೆ ಬಂದು ಜಗಳ ತೆಗೆದಿರಲಿಲ್ಲ, ಅಷ್ಟೇ.

ಅಂಥ ದೇವಕಿಗೇ ಅವಳ ಅಕ್ಕನ ಮಗ ಪ್ರಶಾಂತ ಒಂದು ದಿನ ಹೇಳಿದ: "ಚಿಕ್ಕಮ್ಮ, ಅಮ್ಮನ ರವಿಕೆ ಒಳಗೂ ಒಂದು ಹೆಸರು, ಫೋನ್ ನಂಬರು ಹೊಲಿದುಬಿಡಿ. ನಿಮಗೆ ಅದೆಂತ ದೊಡ್ಡ ಕೆಲಸ?"

ದೇವಕಿಗೆ ಮೈಯೆಲ್ಲ ಉರಿದುಹೋಯಿತು. "ಅವಳೆಂತ ಶಾಲೆ ಮಕ್ಕಳ ಕೊಡೆಯೇನೋ? ಮರೆವು ಯಾರಿಗಿಲ್ಲ? ನಿಂಗಿಲ್ವಾ? ಹೋದ ಸಲ ಬಂದಾಗ ನಿನ್ನ ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದೆ."

ಅಕ್ಕನ ಹೆಸರು ತುಂಗಾ. ದೇವಕಿಗಿಂತ ಏಳು ವರ್ಷ ದೊಡ್ಡವಳು, ಅರವತ್ತೆಂಟು ದಾಟಿತ್ತು. ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ತಂಗಿಯ ಜೊತೆ ಕೊಪ್ಪದಲ್ಲೇ ಇದ್ದಳು. ಮದುವೆಯಾಗದೆ ಮಷೀನಿನ ಜೊತೆ ಬದುಕಿದ್ದ ದೇವಕಿಗೆ ಅಕ್ಕ ಬಂದದ್ದು ಮನೆಗೆ ದೀಪ ಬಂದ ಹಾಗಾಗಿತ್ತು. ಆದರೆ ಈಚೆಗೆ ತುಂಗಾ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಒಮ್ಮೆ ಕರಿಬೇವು ತರುತ್ತೇನೆಂದು ಹೊರಟವಳು ಬಾಳಗಡಿ ರಸ್ತೆಯಲ್ಲಿ ನಿಂತು, ಹೋಗಿಬರುವವರನ್ನೆಲ್ಲ "ಕೆರೆಕಟ್ಟೆಗೆ ಹ್ಯಾಗೆ ಹೋಗದು?" ಎಂದು ಕೇಳುತ್ತಿದ್ದಳು. ಕೆರೆಕಟ್ಟೆ ಅವರಿಬ್ಬರು ಹುಟ್ಟಿದ ಊರು. ಅಪ್ಪ, ಅಮ್ಮ ಸತ್ತು ಮೂವತ್ತು ವರ್ಷವಾಗಿ, ಈಗ ಅಲ್ಲಿ ತಮ್ಮವರು ಅನ್ನುವವರು ಯಾರೂ ಇಲ್ಲ. ಆಟೋದವನೊಬ್ಬ ಗುರುತು ಹಿಡಿದು ಕರೆತಂದ. ಸುದ್ದಿ ಪ್ರಶಾಂತನ ಕಿವಿಗೂ ಬಿತ್ತು.

ಪ್ರಶಾಂತ ಕೆಟ್ಟವನಲ್ಲ. ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸ, ಹೆಂಡತಿಯೂ ದುಡಿಯುವವಳು. ಅವನು ಕೂಗಾಡಲಿಲ್ಲ. ಅಳೆದು ತೂಗಿ ಹೇಳಿದ: "ಇನ್ನೊಂದು ಸಲ ಹಿಂಗಾದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ಇಂಥವರನ್ನೇ ನೋಡ್ಕೊಳ್ಳೋ ಜಾಗ ಅಲ್ಲಿದೆ. ಗೇಟಿಗೆ ಬೀಗ ಇರತ್ತೆ, ಭಯ ಇಲ್ಲ." ಅವನ ಭಯ ಹೋಗಲಾಡಿಸುವ ಆ ಬೀಗವೇ ದೇವಕಿಯ ಭಯವಾಯಿತು. ಆ ದಿನದಿಂದ ಅಕ್ಕನನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಳು. ರವಿಕೆಗೆ ಹೆಸರು ಮಾತ್ರ ಹೊಲಿಯಲಿಲ್ಲ. ಹೊಲಿದರೆ ಒಪ್ಪಿಕೊಂಡ ಹಾಗೆ ಅಂತ ಅವಳ ಲೆಕ್ಕ.

ಇಷ್ಟೆಲ್ಲ ಇದ್ದೂ ಗೋವಾ ಪ್ರವಾಸಕ್ಕೆ ಹೆಸರು ಕೊಟ್ಟಳಲ್ಲ, ಅದಕ್ಕೆ ಏನನ್ನೋಣ! ಎರಡು ಸಾವಿರದ ಏಳನೇ ಇಸವಿಯ ಜನವರಿ. ಊರಿನ ಮಹಿಳಾ ಸಮಾಜದವರು ಬಸ್ಸು ಮಾಡಿದ್ದರು. ಮುಂದಾಳು ರೇಣುಕಪ್ಪ, ನಿವೃತ್ತ ಡ್ರಿಲ್ ಮೇಷ್ಟ್ರು. ಪ್ರಶಾಂತ ಫೋನಿನಲ್ಲೇ ತಲೆ ಚಚ್ಚಿಕೊಂಡ. "ಕೈ ಬಿಟ್ರೆ ಕೇಳು" ಎಂದು ದೇವಕಿ ಮಾತು ಕೊಟ್ಟಳು.

ಅವಳ ಹಟಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಕೆರೆಕಟ್ಟೆಯ ಮನೆಯ ಮೇಲಿನ ಗುಡ್ಡ ಹತ್ತಿದರೆ, ಮೋಡವಿಲ್ಲದ ದಿನ, ಘಟ್ಟದ ಕೆಳಗೆ ದೂರದಲ್ಲಿ ಒಂದು ಬೆಳ್ಳಿಗೆರೆ ಮಿಂಚುತ್ತದೆ, ಅದೇ ಸಮುದ್ರ ಅಂತ ಹಿರಿಯರು ಹೇಳುತ್ತಿದ್ದರು. ಹನ್ನೆರಡರ ತುಂಗಾ ಐದರ ದೇವಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, "ಕಾಣ್ತಾ? ಕಾಣ್ತಾ?" ಎಂದು ಕೇಳುತ್ತಿದ್ದಳು. ದೇವಕಿಗೆ ಏನೂ ಕಾಣುತ್ತಿರಲಿಲ್ಲ. ಅಕ್ಕನ ಹೆಗಲು ನೋಯುತ್ತದೆಂದು "ಕಾಣ್ತು" ಅನ್ನುತ್ತಿದ್ದಳು. ಎಲ್ಲ ಅಳಿಸಿಹೋಗುವ ಮುಂಚೆ ಅಕ್ಕನಿಗೆ ಆ ಸಮುದ್ರವನ್ನು ಹತ್ತಿರದಿಂದ ತೋರಿಸಬೇಕು, ಆ ಹಳೇ ಸುಳ್ಳನ್ನೂ ಹೇಳಿಬಿಡಬೇಕು ಅಂತ ಅವಳಿಗೆ ಆಸೆ.

ಪಣಜಿಯ ಕಡಲತೀರದಲ್ಲಿ ಬೆಳಗಿನ ಎಂಟು ಗಂಟೆಗೆ ರೇಣುಕಪ್ಪ ಸೀಟಿ ಊದಿದರು. "ನೀರಿಗೆ ಮಂಡಿವರೆಗೆ ಮಾತ್ರ! ನಲವತ್ತು ನಿಮಿಷ! ಆಮೇಲೆ ಹಳೇ ಗೋವಾ, ಚರ್ಚು, ತಲಾ ಹದಿನೈದು ನಿಮಿಷ!" ನಲವತ್ತು ಹೆಂಗಸರು ಸೀರೆ ಎತ್ತಿಕಟ್ಟಿ ಕಿಲಕಿಲ ಎನ್ನುತ್ತ ಓಡಿದರು. ದೇವಕಿ ತನ್ನ ಸೆರಗನ್ನೂ ಅಕ್ಕನ ಸೆರಗನ್ನೂ ಸೇರಿಸಿ ಪಿನ್ನು ಹಾಕಿಕೊಂಡಿದ್ದಳು.

ತುಂಗಾ ನೀರಿನ ಅಂಚಿಗೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಂತೋಷ ಹುಡುಕುತ್ತಿದ್ದ ದೇವಕಿಗೆ ಅಲ್ಲಿ ಕಂಡದ್ದು ಗಾಬರಿ.

"ಆಚೆ ದಡ ಎಲ್ಲೇ?"

"ಇದಕ್ಕೆ ಆಚೆ ದಡ ಇಲ್ಲ ಅಕ್ಕಯ್ಯ. ಸಮುದ್ರ ಇದು. ಗುಡ್ಡದ ಮೇಲಿಂದ ನೋಡ್ತಿದ್ವಲ್ಲ? ನಂಗೆ ಆವಾಗ ಎಂತದೂ ಕಂಡಿರ್ಲಿಲ್ಲ, ಗೊತ್ತಾ? ಸುಳ್ಳು ಹೇಳಿದ್ದೆ."

"ಯಾವ ಗುಡ್ಡ?" ಎಂದಳು ತುಂಗಾ. ಮತ್ತೆ, "ಮನೆಗೆ ಹೋಗಣ ಕಣೆ. ಕೊಪ್ಪಕ್ಕೆ ಹೋಗಣ."

ಐವತ್ತಾರು ವರ್ಷ ಬಚ್ಚಿಟ್ಟ ಸುಳ್ಳನ್ನು ಒಪ್ಪಿಕೊಂಡರೆ ಕೇಳಿಸಿಕೊಳ್ಳುವವರೇ ಇರಲಿಲ್ಲ. ದೇವಕಿಗೆ ಅಳು ಬಂತು. ಉಪ್ಪುಗಾಳಿಗೆ ಕಣ್ಣು ಉರಿಯಿತೆಂದು ಪಕ್ಕದವರಿಗೆ ಹೇಳಿದಳು.

ಮಧ್ಯಾಹ್ನ ಚರ್ಚುಗಳೆಲ್ಲ ಮುಗಿದು, ಪಣಜಿಯ ಹಳೇ ಕೇರಿಯಲ್ಲಿ ನಡೆದಾಟ. ಪೋರ್ಚುಗೀಸರ ಕಾಲದ ಮನೆಗಳು. ಹಳದಿ, ನೀಲಿ, ಕಾವಿಯ ಗೋಡೆಗಳು, ಬಿಳಿ ಅಂಚು, ಹೆಂಚಿನ ಮಾಡು, ಬಾಗಿಲ ಮುಂದೆ ಕೂರಲು ಎರಡು ಕಡೆ ಕಟ್ಟೆ. ಓಣಿಯ ತಿರುವಿನಲ್ಲಿ ಒಂದು ಹೊಲಿಗೆ ಅಂಗಡಿ. ಅದರ ಕಿಟಕಿಗೆ ತೂಗುಬಿಟ್ಟಿದ್ದ ಕೈಕೆಲಸದ ಲೇಸು ಕಂಡದ್ದೇ ದೇವಕಿಯ ಕಾಲು ನಿಂತಿತು. ಗಂಟೇ ಇಲ್ಲದೆ ನೂಲು ಹೂವಾಗಿ, ಹೂವು ಬಳ್ಳಿಯಾಗಿ ಹೋಗಿತ್ತು. ಬಗ್ಗಿ ನೋಡಲು ಪಿನ್ನು ಎಳೆಯುತ್ತಿತ್ತು. ಬಿಚ್ಚಿದಳು. "ಇಲ್ಲೇ ನಿಂತಿರು ಅಕ್ಕಯ್ಯ, ಒಂದೇ ನಿಮಿಷ."

ಎಷ್ಟು ನಿಮಿಷವೋ. ಲೇಸಿನ ಹಿಂಬದಿ ತಿರುಗಿಸಿ ನೋಡಿದಳು, ನೂಲು ಎಲ್ಲಿ ಮುಗಿದಿದೆ ಅಂತ ಹುಡುಕಿದಳು. ತಲೆ ಎತ್ತಿದಾಗ ಬೀದಿ ಖಾಲಿ. ಪಿನ್ನು ಕೈಯಲ್ಲೇ ಇತ್ತು.

ಮೊದಲು ಮೆಲ್ಲಗೆ ಕರೆದಳು. ಆಮೇಲೆ ಮರ್ಯಾದೆ ಬಿಟ್ಟು ಕೂಗಿದಳು. ಎಡಕ್ಕೆ ಓಡಿದಳು, ಬಲಕ್ಕೆ ಓಡಿದಳು. ಎಲ್ಲ ಓಣಿಗಳೂ ಒಂದೇ ಥರ, ಎಲ್ಲ ಮನೆಗಳಿಗೂ ಕಟ್ಟೆ. ಒಂದು ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಕೈಸನ್ನೆ ಮಾಡಿ, "ನನ್ನ ಅಕ್ಕ, ವಯಸ್ಸಾದವಳು, ಕೊಪ್ಪದಿಂದ, ಕೊಪ್ಪ, ಕೊಪ್ಪ!" ಅಂದಳು. ಆ ಹೆಂಗಸು ಕನಿಕರದಿಂದ ಒಳಗೆ ಹೋಗಿ ಕಪ್ಪಿನಲ್ಲಿ ನೀರು ತಂದುಕೊಟ್ಟಳು. ಬಾಯಾರಿದ್ದ ದೇವಕಿ ಯೋಚಿಸದೆ ಗಟಗಟನೆ ಕುಡಿದು ಮುಂದೆ ಓಡಿದಳು.

ಅಕ್ಕನ ಬಳಿ ಚೀಟಿಯಿಲ್ಲ, ನಂಬರಿಲ್ಲ. ಅಕ್ಕನಿಗೆ ಬರುವುದು ಕನ್ನಡ ಒಂದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರವರ ಮಕ್ಕಳ ಕೊಡೆಗೆಲ್ಲ ವಿಳಾಸ ಹೊಲಿದವಳು ಸ್ವಂತ ಅಕ್ಕನಿಗೆ ನಾಲ್ಕು ಅಕ್ಷರ ಹೊಲಿಯಲಿಲ್ಲ. ತನ್ನ ಜಂಬಕ್ಕೆ ಬೆಂಕಿ ಬೀಳಲಿ ಎಂದು ದೇವಕಿ ನಡುಬೀದಿಯಲ್ಲಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ರೇಣುಕಪ್ಪನವರಿಗೆ ವಿಷಯ ಮುಟ್ಟಿದಾಗ ಎರಡು ಗಂಟೆ. ಅವರು ಸೀಟಿ ಊದಿ ಹೆಂಗಸರನ್ನು ನಾಲ್ಕು ತಂಡ ಮಾಡಿದರು. ಅರ್ಧ ಗಂಟೆಯಲ್ಲಿ ಮೂರು ತಂಡಗಳು ತಾವೇ ದಾರಿ ತಪ್ಪಿಸಿಕೊಂಡವು. ಅವರನ್ನು ಹುಡುಕುವುದರಲ್ಲಿ ಇನ್ನರ್ಧ ಗಂಟೆ. ನಾಲ್ಕಕ್ಕೆ ಬಸ್ಸು ಹೊರಡಬೇಕಿತ್ತು, ಡ್ರೈವರ್ ಗಡಿಯಾರ ನೋಡುತ್ತಿದ್ದ. "ನೆಟ್ಟಗಿಲ್ಲದವರನ್ನ ಯಾಕೆ ಕರ್ಕೊಂಡು ಬರದು ಮಾರಾಯ್ತಿ?" ಎಂದು ಹಿಂದಿನ ಸೀಟಿನ ಕಲ್ಲಮ್ಮ ದೇವಕಿಗೆ ಕೇಳಿಸುವ ಹಾಗೆಯೇ ಪಿಸುಗುಟ್ಟಿದಳು. ಬೇರೆ ದಿನವಾಗಿದ್ದರೆ ದೇವಕಿ ಬಿಡುತ್ತಿದ್ದಳೇ? ಈಗ ಓಣಿಯ ಕಡೆಗೇ ಕಣ್ಣು ನೆಟ್ಟಿದ್ದಳು.

"ದೇವಕಮ್ಮ, ನಾನು ಪೊಲೀಸಿಗೆ ಹೇಳಿದೀನಿ," ಎಂದರು ರೇಣುಕಪ್ಪ. ದನಿ ತಗ್ಗಿಸಿ, "ಪ್ರಶಾಂತಂಗೂ ಫೋನ್ ಮಾಡ್ದೆ. ಲಿಸ್ಟಲ್ಲಿ ಅವನ ನಂಬರೇ ಇತ್ತು. ಬ್ಯಾಡ ಅಂದ್ರೂ ನನ್ನ ಜವಾಬ್ದಾರಿ ಅಲ್ವಾ?"

ಮೊಬೈಲನ್ನು ಅವಳ ಕಿವಿಗೆ ಹಿಡಿದರು. ಪ್ರಶಾಂತ ಬೈಯುತ್ತಾನೆಂದು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಸಿಕ್ಕಿದ್ರೆ ಫೋನ್ ಮಾಡಿ ಚಿಕ್ಕಮ್ಮ," ಎಂದ ಅವನು. "ಸಿಕ್ಕಿದ್ರೆ ಭಾನುವಾರ ಬರ್ತೀನಿ." ಅವನ ದನಿ ಒಡೆದಿತ್ತು.

ಆಮೇಲಿನದನ್ನು ಯೋಚಿಸುವ ಶಕ್ತಿ ದೇವಕಿಗೆ ಇರಲಿಲ್ಲ. ಮೊದಲು ಸಿಗಲಿ, ಬೇಕಾದರೆ ಯಾವ ಬೀಗದೊಳಗೆ ಬೇಕಾದರೂ ಇರಲಿ, ಬದುಕಿ ಸಿಗಲಿ. ಓಣಿಯ ಒಂದು ಚಹಾ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಳು. ಅಂಗಡಿಯವನು ಅವಳ ಗೊಣಗಾಟ ಕೇಳಿ ಕನ್ನಡದಲ್ಲೇ ಮಾತಾಡಿದ.

"ಎಂತಾಯ್ತು ಅಮ್ಮ? ನಾನು ಕಾರವಾರದವ."

ದೇವಕಿ ಹೇಳಿಕೊಂಡು ಅತ್ತಳು. ಅವನು ತಲೆಯಾಡಿಸಿದ. "ನಾನು ಹೊರಗೆ ಹೋಗೇ ಇಲ್ಲ ಅಮ್ಮ, ಯಾರನ್ನೂ ನೋಡಲಿಲ್ಲ. ಬೆಳಗಿಂದ ವ್ಯಾಪಾರ ಜೋರು. ಮೂಲೆ ಹಳದಿ ಮನೆ ಅಜ್ಜಿಯೊಬ್ಬರೇ ಐದು ಸಲ ಚಹಾ ತರಿಸಿದ್ದಾರೆ. ಅವರ ಮನೆಗೆ ಯಾರೋ ನೆಂಟರು ಬಂದು ಕೂತಿದ್ದಾರಂತೆ, ಎಷ್ಟು ಕೊಟ್ಟರೂ ಮತ್ತೆ ಕೋಪ್, ಕೋಪ್ ಅಂತಾರಂತೆ."

"ಕೋಪ್ ಅಂದ್ರೆ?"

"ಕಪ್ಪು, ಅಮ್ಮ. ಪೋರ್ಚುಗೀಸರು ಬಿಟ್ಟುಹೋದ ಮಾತು. ಕೊಂಕಣಿಲಿ ಹಾಗೇ ಅಂತಾರೆ."

ತಾನು ಕುಡಿದಿದ್ದ ನೀರಿನ ಕಪ್ಪು ದೇವಕಿಯ ನೆನಪಿಗೆ ಬಂತು. ಕೊಪ್ಪ, ಕೊಪ್ಪ ಎಂದು ತಾನೂ ಬಡಿದುಕೊಂಡಿದ್ದಳಲ್ಲ! ಎದ್ದು ಓಡಿದಳು.

ಹಳದಿ ಮನೆಯ ಕಟ್ಟೆಯ ಮೇಲೆ ತುಂಗಾ ಕಾಲು ಇಳಿಬಿಟ್ಟು ಕೂತಿದ್ದಳು. ಪಕ್ಕದಲ್ಲಿ ಸಾಲಾಗಿ ಐದು ಖಾಲಿ ಕಪ್ಪು. ಎದುರಿನ ಕಟ್ಟೆಯಲ್ಲಿ ಫ್ರಾಕು ತೊಟ್ಟ, ಬೆಳ್ಳಗೆ ತಲೆ ನೆರೆತ ಒಬ್ಬ ಅಜ್ಜಿ. ತುಂಗಾ ಕೇಳುತ್ತಿದ್ದಳು: "ಕೊಪ್ಪ?" ಅಜ್ಜಿ ನಗುತ್ತ ತಲೆಯಾಡಿಸಿ, ಆರನೆಯ ಕಪ್ಪನ್ನು ಮುಂದೆ ಹಿಡಿದು, "ವ್ಹಯ್, ವ್ಹಯ್, ಕೋಪ್," ಅನ್ನುತ್ತಿದ್ದಳು. ಇದು ಕೊಪ್ಪವೇ ಅಂತ ಇವಳು ಕೇಳುವುದು. ಹೌದು, ಕಪ್ಪು, ತಗೋ ಅಂತ ಅವಳು ಹೇಳುವುದು. ಎರಡು ತಾಸಿನಿಂದ ಇಬ್ಬರ ಮಾತೂ ಒಂದಕ್ಕೊಂದು ಹೀಗೆ ಸರಿಯಾಗಿ ಹೊಂದಿಕೊಂಡು ನಡೆದಿತ್ತು.

"ಅಕ್ಕಯ್ಯ!" ದೇವಕಿ ಹೋಗಿ ಅವಳನ್ನು ಅಪ್ಪಿಕೊಂಡಳು. "ಎಲ್ಲಿಗೆ ಹೋಗಿದ್ದೆ ಮಾರಾಯ್ತಿ? ನನ್ನ ಜೀವ ಹೋಗಿತ್ತು. ಏಳು, ಏಳು, ಬಸ್ಸು ಕಾಯ್ತಿದೆ. ಕೊಪ್ಪಕ್ಕೆ ಹೋಗಣ."

ತುಂಗಾ ಅವಳನ್ನು ನೋಡಿ ಸಮಾಧಾನದಿಂದ ನಕ್ಕಳು. ಸಮುದ್ರದ ಎದುರು ಹುಡುಕಿ ಸಿಗದಿದ್ದ ನಗು ಅದು.

"ಎಂತ ಮರುಳೇ ನಿಂಗೆ? ಕೊಪ್ಪಕ್ಕೆ ಬಂದಾಯ್ತಲ್ಲ. ಬೇಕಾರೆ ಇವರನ್ನ ಕೇಳು." ಅಜ್ಜಿಯ ಕಡೆ ತಿರುಗಿದಳು. "ಕೊಪ್ಪ?"

"ವ್ಹಯ್, ಕೋಪ್," ಎಂದಳು ಅಜ್ಜಿ, ಪಾಪ, ದೇವಕಿಗೂ ಒಂದು ತರಲು ಏಳುತ್ತ.

ದೇವಕಿ ಬೇಡಿಕೊಂಡಳು, ಗದರಿದಳು, ಕೈ ಹಿಡಿದು ಎಳೆದಳು. ತುಂಗಾ ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಮತ್ತೆ ಬೆಳಗಿನ ಗಾಬರಿ ಏಳತೊಡಗಿತು. ಇಡೀ ದಿನದಲ್ಲಿ ಅವಳು ನೆಮ್ಮದಿಯಾಗಿ ಕೂತದ್ದು ಇಲ್ಲೊಂದೇ ಕಡೆ. ಇದು ಕೊಪ್ಪವಲ್ಲ ಎಂದು ಹೇಳಿ ಏನು ಪ್ರಯೋಜನ? ದೂರದಲ್ಲಿ ರೇಣುಕಪ್ಪನವರ ಸೀಟಿ ಕೇಳುತ್ತಿತ್ತು.

ಕೊಪ್ಪದಲ್ಲಿ ಇರುವವಳನ್ನು ಕೊಪ್ಪಕ್ಕೆ ಕರೆಯುವುದು ಹೇಗೆ? ಕೊಪ್ಪದಿಂದ ಮುಂದಕ್ಕೆ ಹೋಗುವ ಊರು ಒಂದಿತ್ತು. ದೇವಕಿ ಅಕ್ಕನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕಯ್ಯ, ಕೆರೆಕಟ್ಟೆ ಬಸ್ಸು ಹೊರಟಿದೆ. ಇವತ್ತಿಗೆ ಅದೇ ಕೊನೇದು. ಅಮ್ಮ ಕಾಯ್ತಿದಾಳೆ."

ತುಂಗಾ ಧಡಕ್ಕನೆ ಎದ್ದು ನಿಂತಳು. "ಮೊದ್ಲೇ ಹೇಳದಲ್ವಾ! ಅದು ತಪ್ಪಿದ್ರೆ ನಾಳೆನೇ." ಸೆರಗು ಸರಿಮಾಡಿಕೊಂಡು ತಾನೇ ಮುಂದೆ ಹೊರಟಳು. ಆರನೆಯ ಕಪ್ಪು ಕೈಯಲ್ಲೇ ಇತ್ತು. ದೇವಕಿ ಅದನ್ನು ಬಿಡಿಸಿ ವಾಪಸು ಕೊಡಲು ನೋಡಿದಳು. ಅಜ್ಜಿ ತುಂಗಾಳ ಬೆರಳುಗಳನ್ನು ಕಪ್ಪಿನ ಸುತ್ತ ಮಡಿಸಿ, ಅವಳ ಕೆನ್ನೆ ಸವರಿದಳು. ನೀಲಿ ಬಳ್ಳಿಯ, ತೆಳ್ಳನೆಯ ಬಿಳಿ ಕಪ್ಪು.

ಬಸ್ಸು ಹತ್ತಿದ ಮೇಲೆ ದೇವಕಿ ಮತ್ತೆ ಪಿನ್ನು ಹಾಕಿದಳು. ಕಾರವಾರ ಬರುವವರೆಗೂ ತುಂಗಾ ಒಂದೇ ಸಮನೆ ಕೇಳುತ್ತಿದ್ದಳು. "ಅಮ್ಮ ಉಣ್ಣದೆ ಕೂತಿರ್ತಾಳಲ್ವಾ?" "ಹೂಂ." "ಅಮ್ಮಂಗೆ ಕಾಲು ನೋವು ಕಮ್ಮಿ ಆಗಿದ್ಯಾ?" "ಆಗಿದೆ." ಮೂವತ್ತು ವರ್ಷದ ಹಿಂದೆ ಹೆಗಲು ಕೊಟ್ಟು ಕಳಿಸಿದ ಅಮ್ಮನನ್ನು ದೇವಕಿ ಮಾತಿಗೊಂದರಂತೆ ಎಬ್ಬಿಸಿ ಕೂರಿಸುತ್ತ ಹೋದಳು. ಗುಡ್ಡದ ಮೇಲಿನ ಸುಳ್ಳು ಇದರ ಮುಂದೆ ಯಾವ ಲೆಕ್ಕ? ಕಲ್ಲಮ್ಮ ಹಿಂದಿನಿಂದ ಒಂದು ಬಾಳೆಹಣ್ಣು ಚಾಚಿದಳು.

ಬೆಳಗ್ಗೆ ಕೊಪ್ಪದಲ್ಲಿ ಇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ಹಾಲಿನವರು, ಪೇಪರಿನವರು, ಶೃಂಗೇರಿ ಬಸ್ಸಿನ ಕಂಡಕ್ಟರನ ಕೂಗು, ಎಲ್ಲ ಎಂದಿನಂತೆ. ತುಂಗಾ ಸುತ್ತ ನೋಡಿದಳು. ನಾಲ್ಕು ವರ್ಷ ದಿನಾ ಓಡಾಡಿದ ಜಾಗ.

"ಇದ್ಯಾವ ಊರೇ?"

ದೇವಕಿ ಅವಳ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಭಾನುವಾರ ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಮೇಲೆ ತುಂಗಾಳ ಆರು ರವಿಕೆ, ನಾಲ್ಕು ಸೀರೆ, ಒಂದು ಸ್ವೆಟರು. ಶಿವಮೊಗ್ಗದ ಆ ಬೀಗದ ಮನೆಯಲ್ಲಿ ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆಯುತ್ತಾರೆ, ಗುರುತು ಇರಲಿ ಎಂದು ಪ್ರಶಾಂತ ಹೇಳಿದ್ದ. ಈ ಸಲ ದೇವಕಿ ವಾದ ಮಾಡಲಿಲ್ಲ. ಕೈ ಬಿಟ್ಟರೆ ಕೇಳು ಅಂದವಳು ಅವಳೇ. ಸೂಜಿಗೆ ಬಿಳಿ ನೂಲು ಪೋಣಿಸಿದಳು.

ಐದು ರವಿಕೆಗೆ ಹೆಸರು, ಪ್ರಶಾಂತನ ನಂಬರು ಹೊಲಿದದ್ದಾಯಿತು. ಕೊನೆಯದಕ್ಕೆ ಬಂದಾಗ ಊರು ಬರೆಯದೆ ಮನಸ್ಸು ಕೇಳಲಿಲ್ಲ. ಕೊಡೆಗೂ ಅವಳು ಊರು ಬಿಟ್ಟವಳಲ್ಲ. ನ್ಯಾಯವಾಗಿ ಶಿವಮೊಗ್ಗ ಅನ್ನಬೇಕಿತ್ತು. ದೇವಕಿ ಅಷ್ಟು ಅಕ್ಷರದ ಜಾಗ ಅಳೆದಳು, ಬಿಟ್ಟಳು, ಬೇರೆ ಎರಡೂವರೆ ಅಕ್ಷರ ಹೊಲಿದಳು.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ತುಂಗಾ ಬಗ್ಗಿ ನೋಡಿದಳು. "ಎಂತ ಬರಿತಿದೀಯೇ?"

"ನಿನ್ನ ಹೆಸರು ಅಕ್ಕಯ್ಯ."

"ಆಮೇಲೆ?"

"ಕೊಪ್ಪ."

ತುಂಗಾ ತಕ್ಷಣ ಎದ್ದಳು. ಕಿಟಕಿಯ ಮೇಲಿದ್ದ ನೀಲಿ ಬಳ್ಳಿಯ ಕಪ್ಪನ್ನು ಎರಡೂ ಕೈಯಲ್ಲಿ ಹುಷಾರಾಗಿ ಹಿಡಿದು ತಂದು ತಂಗಿಯ ಮುಂದೆ ಚಾಚಿದಳು.

"ತಗೋ. ಬಿಸಿ ಇದೆ, ನಿಧಾನ ಕುಡಿ."

ಕಪ್ಪಿನಲ್ಲಿ ಏನೂ ಇರಲಿಲ್ಲ. ಹೊರಗೆ ಶಿವಮೊಗ್ಗದ ಬಸ್ಸು ಬಂದು ನಿಂತ ಸದ್ದಾಯಿತು. ದೇವಕಿ ಸೂಜಿಯನ್ನು ರವಿಕೆಗೇ ಚುಚ್ಚಿಟ್ಟು, ಕಪ್ಪನ್ನು ತುಟಿಗೆ ಹಚ್ಚಿ ನಿಧಾನವಾಗಿ ಕುಡಿದಳು.

"ಸಕ್ಕರೆ ಸಾಕಾ?" ಎಂದು ತುಂಗಾ ಕೇಳಿದಳು.

"ಸಾಕು ಅಕ್ಕಯ್ಯ."